ಬಹೂಪಯೋಗಿ ಚಾಕುವಿನ ಅಲಗು: ಆಕಾರನಿರ್ಣಯದ ಇತಿಹಾಸ

ಕತ್ತರಿಸುವ ಕಾರ್ಯವು ಒಂದೇ ಎಂದು ತೋರಿದರೂ ಕತ್ತರಿಸಲ್ಪಡುವ ವಸ್ತುವಿನ ಭೇದದಿಂದ ಅದು ಬಗೆಬಗೆಯಾಗುವುದು. ಭಾರತದ ಪ್ರಾಚೀನ ಶಸ್ತ್ರವೈದ್ಯರು ಇದನ್ನು ಚೆನ್ನಾಗಿ ಅರಿತಿದ್ದರು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ 20 ಶಸ್ತ್ರಗಳನ್ನು ಹೆಸರಿಸಿ, ಕಡಿಯುವುದಕ್ಕೆ ಯಾವುದು, ಸೀಳುವುದಕ್ಕೆ ಯಾವುದು, ಕೆರೆಯುವುದಕ್ಕೆ ಯಾವುದು ಎಂದು ವಿಂಗಡಿಸಿದೆ. ಉತ್ಪಲಪತ್ರ, ಕುಶಪತ್ರ ಮುಂತಾದ ಹೆಸರುಗಳೇ ಅಲಗಿನ ಆಕಾರವನ್ನು ಸೂಚಿಸುವುವು. ಆದರೆ ವೈದ್ಯನು ಇಪ್ಪತ್ತನ್ನೂ ಪೆಟ್ಟಿಗೆಯಲ್ಲಿ ಇರಿಸಿಕೊಳ್ಳಬಲ್ಲನು. ದಾರಿ ನಡೆಯುವ ಸಿಪಾಯಿಗೂ ಹಡಗಿನ ನಾವಿಕನಿಗೂ ಇರುವುದು ಜೇಬೊಂದೇ. ಹಲವು ಉಪಕರಣಗಳನ್ನು ಒಂದೇ ಹಿಡಿಯೊಳಗೆ ಮಡಿಸಿಡಬೇಕಾದಾಗ ಅಲಗಿಗೆ ಯಾವ ಆಕಾರವು ತಕ್ಕುದು ಎಂಬ ಪ್ರಶ್ನೆಯು ಅಲ್ಲಿಯೇ ಹುಟ್ಟಿತು.

ಮಡಿಸುವ ಚಾಕುವಿಗೆ ಒಂದು ಸಹಜವಾದ ಕಟ್ಟುಪಾಡು ಉಂಟು. ಮಡಿಸಿದಾಗ ಅಲಗಿನ ಬಾಯಿ ಹಿಡಿಯೊಳಗೆ ಅಡಗಿ, ಬೆನ್ನು ಹೊರಗೆ ಉಳಿಯುವುದು. ಮೊನೆಯು ಬೆನ್ನಿನ ಮಟ್ಟದಲ್ಲಿಯೇ ಇದ್ದರೆ ಅದೂ ಹೊರಗುಳಿದು ಬಟ್ಟೆಯನ್ನೋ ಬೆರಳನ್ನೋ ಗಾಯಗೊಳಿಸೀತು. ಆದಕಾರಣ ಮೊನೆಯನ್ನು ಬಾಯಿಯ ಕಡೆಗೆ ತಗ್ಗಿಸಬೇಕಾಗುವುದು. ಹೀಗೆ ತಗ್ಗಿಸುವ ರೀತಿಗಳಲ್ಲಿ ಮೂರು ಮುಖ್ಯವಾದುವು. ಎರಡು ಕಡೆಯಿಂದಲೂ ಬಾಗಿಸಿ ಮೊನೆಯನ್ನು ನಡುವಿಗೆ ತಂದರೆ ಭಲ್ಲೆಯ ಮೊನೆ; ಬೆನ್ನಿನ ತುದಿಯನ್ನು ಓರೆಯಾಗಿ ಕೊರೆದು ತೆಗೆದರೆ ಕತ್ತರಿಸಿದ ಮೊನೆ; ಬೆನ್ನನ್ನು ಪೂರ್ತಿಯಾಗಿ ಬಾಗಿಸಿ ನೇರವಾದ ಬಾಯಿಗೆ ಕೂಡಿಸಿದರೆ ಕುರಿಗೊರಸಿನ ಆಕಾರ.

ಈ ಕೊನೆಯದು ನಾವಿಕರಿಗೆ ಪ್ರಿಯವಾಯಿತು. ಓಲಾಡುವ ಹಡಗಿನಲ್ಲಿ ಹಗ್ಗ ಕೊಯ್ಯುವವನಿಗೆ ಚೂಪಾದ ಮೊನೆಯು ಅಪಾಯಕರ. ಹಗ್ಗಕ್ಕೆ ಬೇಕಾದುದು ನೇರವಾದ ಬಾಯಿ. ಗಂಟು ಬಿಡಿಸುವುದಕ್ಕೂ ಹಗ್ಗದ ಎಳೆಗಳನ್ನು ಅಗಲಿಸುವುದಕ್ಕೂ ಅದೇ ಹಿಡಿಯಲ್ಲಿ ಕಬ್ಬಿಣದ ಮೊಳೆಯೊಂದು ಇರುತ್ತಿತ್ತು. ಚುಚ್ಚುವ ಕೆಲಸವನ್ನು ಮೊಳೆಯು ವಹಿಸಿಕೊಂಡುದರಿಂದ ಅಲಗು ತನ್ನ ಮೊನೆಯನ್ನು ಬಿಟ್ಟುಕೊಡಲು ಸಾಧ್ಯವಾಯಿತು.

ಸ್ವಿಟ್ಜರ್ಲೆಂಡಿನ ಸೈನ್ಯದಲ್ಲಿ ಈ ವಿಚಾರವು ಬೇರೊಂದು ರೂಪವನ್ನು ತಾಳಿತು. 1889ನೆಯ ವರ್ಷದ ಹೊಸ ಬಂದೂಕನ್ನು ಬಿಚ್ಚಲು ತಿರುಪುಳಿಯೂ, ಡಬ್ಬಿಯ ಆಹಾರಕ್ಕೆ ತೆರೆಯುವ ಸಾಧನವೂ ಸಿಪಾಯಿಗೆ ಬೇಕಾದುವು. ಇವೆರಡರ ಜೊತೆಗೆ ಅಲಗು ಮತ್ತು ತೂತು ಕೊರೆಯುವ ದಬ್ಬಣವನ್ನು ಸೇರಿಸಿ 1890ರ ಮಾದರಿಯು ಸಿದ್ಧವಾಯಿತು. ಅಲಗು ಒಂದೇ ಆದುದರಿಂದ ಅದು ರೊಟ್ಟಿಗೂ ದಾರಕ್ಕೂ ಕಟ್ಟಿಗೆಗೂ ಸಮನಾಗಿ ಒದಗಬೇಕಾಗಿತ್ತು. ಭಲ್ಲೆಯ ಮೊನೆಯು ಈ ಮಧ್ಯಮಮಾರ್ಗಕ್ಕೆ ಹೊಂದಿತು. ಮೊದಲ ಚಾಕುಗಳು ಜರ್ಮನಿಯ ಸೋಲಿಂಗೆನ್ ಪಟ್ಟಣದಿಂದ ಬಂದುವು. ಇದು ಸ್ವದೇಶದ ಕೈಗಳಿಂದಲೇ ಆಗಬೇಕೆಂದು ಇಬಾಖ್ ಗ್ರಾಮದ ಕಾರ್ಲ್ ಎಲ್ಸೆನರ್ ಎಂಬ ಚಾಕುಗಾರನು 1891ರಲ್ಲಿ ಮುಂದೆ ಬಂದನು. ಜರ್ಮನಿಯ ಕಾರ್ಖಾನೆಗಳ ಅಗ್ಗದ ಬೆಲೆಗೆ ಸರಿಗಟ್ಟಲಾರದೆ ಅವನು ಸಾಲದಲ್ಲಿ ಮುಳುಗಿದನು.

ಅವನನ್ನು ಮೇಲೆತ್ತಿದುದು ಇನ್ನೊಂದು ಚಾಕು. 1897ರ ಜೂನ್ 12ರಂದು ಅವನು ಅಧಿಕಾರಿಗಳ ಚಾಕುವನ್ನು ನೋಂದಾಯಿಸಿದನು. ಅದು ಸಿಪಾಯಿಯ ಚಾಕುವಿಗಿಂತ ಹಗುರವಾದುದು. ಅದರಲ್ಲಿ ಬಿರಡೆ ತೆಗೆಯುವ ಸುರುಳಿಯೂ ಎರಡನೆಯ ಚಿಕ್ಕ ಅಲಗೂ ಅಧಿಕವಾಗಿದ್ದುವು. ಸರಕಾರವು ಅದನ್ನು ಹಂಚದಿದ್ದರೂ ಅಧಿಕಾರಿಗಳು ತಮ್ಮ ಹಣದಿಂದಲೇ ಕೊಂಡರು. ದೊಡ್ಡ ಅಲಗು ಒರಟು ಕೆಲಸದಲ್ಲಿ ಮೊಂಡಾದರೂ ಚಿಕ್ಕದು ನವುರಾದ ಕೆಲಸಕ್ಕೆ ಹರಿತವಾಗಿ ಉಳಿಯಬಲ್ಲದು ಎಂಬುದೇ ಎರಡು ಅಲಗುಗಳ ಪ್ರಯೋಜನ.

ಅಮೆರಿಕದ ಟಿಮ್ ಲೆದರ್‌ಮನ್ 1975ರಲ್ಲಿ ಹಳೆಯ ಕಾರೊಂದರಲ್ಲಿ ಯೂರೋಪನ್ನು ಸುತ್ತುವಾಗ, ಜೇಬಿನ ಚಾಕುವಿನಲ್ಲಿ ಇಕ್ಕಳವಿಲ್ಲದ ಕೊರತೆಯನ್ನು ಅನುಭವಿಸಿದನು. 1983ರಲ್ಲಿ ಮಾರಾಟಕ್ಕೆ ಬಂದ ಅವನ ಉಪಕರಣದಲ್ಲಿ ಇಕ್ಕಳವೇ ಪ್ರಧಾನ. ಅಲಗು ಒಂದೇ, ಅದೂ ಕತ್ತರಿಸಿದ ಮೊನೆಯದು. 1998ರಲ್ಲಿ ಅದೇ ಸಂಸ್ಥೆಯ ‘ವೇವ್’ ಎಂಬ ಮಾದರಿಯಲ್ಲಿ ಅಲಗುಗಳು ಎರಡಾದುವು: ನಯವಾದ ಬಾಯಿಯ ಮೊನೆಯಲಗು ಒಂದು, ಗರಗಸದಂತೆ ಹಲ್ಲುಳ್ಳ ಕುರಿಗೊರಸಿನ ಅಲಗು ಇನ್ನೊಂದು. ಚುಚ್ಚುವುದೂ ಸಣ್ಣ ಕೆಲಸವೂ ಮೊದಲನೆಯದರ ಪಾಲು. ಹಗ್ಗ, ಪಟ್ಟಿಗಳನ್ನು ಹರಿಯುವುದು ಎರಡನೆಯದರ ಪಾಲು. ನಾವಿಕರ ಹಳೆಯ ಆಕಾರವು ಹೀಗೆ ನೆಲದ ಮೇಲೆಯೂ ಉಪಯುಕ್ತವಾಯಿತು. ಸ್ವಿಸ್ ಸೈನ್ಯದ 2008ರ ಮಾದರಿಯಾದರೋ ಒಂದೇ ಅಲಗಿನ ಬಾಯಿಯ ಒಂದು ಭಾಗಕ್ಕೆ ಹಲ್ಲುಗಳನ್ನಿತ್ತು, ಕೆಲಸದ ನಡುವೆ ಅದು ಬೆರಳ ಮೇಲೆ ಮಡಿಯದಂತೆ ಬೀಗವನ್ನೂ ಅಳವಡಿಸಿತು.

ಈ ಚರಿತ್ರೆಯಿಂದ ತಿಳಿದುಬರುವುದಿಷ್ಟು: ಒಂಟಿ ಚಾಕುವಿನ ಆಕಾರವನ್ನು ಅದರ ಕೆಲಸವು ನಿರ್ಣಯಿಸಿದರೆ, ಬಹೂಪಯೋಗಿ ಚಾಕುವಿನ ಆಕಾರವನ್ನು ಅದರ ನೆರೆಯ ಉಪಕರಣಗಳೂ ನಿರ್ಣಯಿಸುವುವು. ದಬ್ಬಣವುಳ್ಳ ಹಿಡಿಗೆ ಅತಿ ಚೂಪಾದ ಮೊನೆ ಬೇಡ. ತಿರುಪುಳಿಯುಳ್ಳ ಹಿಡಿಯಲ್ಲಿ ಅಲಗಿನ ತುದಿಯಿಂದ ತಿರುಪನ್ನು ತಿರುಗಿಸಿ ಮುರಿದುಕೊಳ್ಳುವ ಕಾರಣವೂ ಇಲ್ಲ. ಕೊಳ್ಳುವವನು ಅಲಗನ್ನು ನೋಡುವ ಮೊದಲು ಹಿಡಿಯಲ್ಲಿ ಉಳಿದವು ಯಾವುವೆಂದು ನೋಡತಕ್ಕದ್ದು. ಅವು ಮಾಡಲಾರದ ಕೆಲಸವೇ ಅಲಗಿನದು. ಅದಕ್ಕೊಪ್ಪುವ ಆಕಾರವೇ ಉತ್ತಮವಾದುದು.