ಹಳೆಯ ಗರಗಸವನ್ನು ಓದುವುದು ಹೇಗೆ?

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಸಾಗರದ ಕಡೆಯಿಂದ ಸೋದರಮಾವನ ಫೋನ್ ಬಂತು. ಗಾಳಿಗೆ ಬಿದ್ದ ನಾಲ್ಕಾರು ಮರಗಳು ತೋಟದ ಮೇಲೇ ಮಲಗಿದ್ದವು. ಕೊಯ್ಯುವವರು ಹೇಳಿದ ದಿನಕ್ಕೆ ಬರುತ್ತಿರಲಿಲ್ಲ. ಪೇಟೆಯಲ್ಲಿ ಯಾರೋ ಹೆಸರಾಂತ ಕಂಪನಿಯ ಚೈನ್ ಸಾ ಮಾರುತ್ತಿದ್ದಾರಂತೆ. ಎರಡು ವರ್ಷ ಹಳೆಯದು, ಬೆಲೆ 22,000 ರೂಪಾಯಿ. ಹೊಸದಕ್ಕೆ ಅದರ ಎರಡರಷ್ಟು.

"ನೀನು ಮರ ಕೊಯ್ಯುವವರ ಇತಿಹಾಸ ಬರೀತಿದ್ದೀಯಲ್ಲ, ಬಂದು ಒಮ್ಮೆ ನೋಡಿ ಹೇಳು ಮಾರಾಯ" ಎಂದರು.

"ಮಾವ, ನಾನು ಓದೋದು ಹಳೇ ಕಡತ. ಮೆಷಿನ್ ವಿಷಯ ನಂಗೆ ಗೊತ್ತಿಲ್ಲ."

"ಕಡತ ಸಾಚಾನೋ ಸುಳ್ಳೋ ಅಂತ ಹೇಗೆ ನೋಡ್ತೀಯೋ, ಇದನ್ನೂ ಹಾಗೇ ನೋಡು."

ತಮಾಷೆಗೆ ಹೇಳಿದ ಆ ಮಾತು ಬಸ್ಸಿನುದ್ದಕ್ಕೂ ತಲೆಯಲ್ಲಿತ್ತು. ಕಡತ ಕೈಗೆ ಬಂದಾಗ ನಾವು ಕೇಳುವುದು ಮೂರೇ ಪ್ರಶ್ನೆ. ಇದು ಯಾವ ಕಾಲದ್ದು? ಯಾರ ಕೈ ದಾಟಿ ಬಂದಿದೆ? ಇದರಲ್ಲಿ ಯಾವುದನ್ನು ಅಳಿಸಿದ್ದಾರೆ? ಗರಗಸಕ್ಕೂ ಇವು ಸಲ್ಲುತ್ತವೆ.

ಮಾವನ ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಉದ್ದ ಗರಗಸ ಒಂದಿದೆ, ಎರಡೂ ತುದಿಗೆ ಹಿಡಿ. ದಿಮ್ಮಿಯನ್ನು ಗುಂಡಿಯ ಮೇಲೆ ಅಡ್ಡ ಇಟ್ಟು, ಒಬ್ಬ ಮೇಲೆ ನಿಂತು, ಇನ್ನೊಬ್ಬ ಕೆಳಗಿಳಿದು ಎಳೆಯುತ್ತಿದ್ದ ಗರಗಸ ಅದು. ಕೆಳಗಿನವನ ಕಣ್ಣಿಗೆ ಹೊಟ್ಟು, ಮೇಲಿನವನ ಬೆನ್ನಿಗೆ ನೋವು. ಆದರೆ ಒಬ್ಬ ಸುಸ್ತಾದರೆ ಇನ್ನೊಬ್ಬನಿಗೆ ಗೊತ್ತಾಗುತ್ತಿತ್ತು, ಗರಗಸ ತಾನಾಗಿಯೇ ನಿಲ್ಲುತ್ತಿತ್ತು.

ಯಂತ್ರದ ಗರಗಸವೂ ಮೊದಲಿಗೆ ಇಬ್ಬರದ್ದೇ ಆಗಿತ್ತು. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಆಂಡ್ರಿಯಾಸ್ ಸ್ಟೀಲ್ 1926ರಲ್ಲಿ ವಿದ್ಯುತ್ತಿನಿಂದ ಓಡುವ ಸರಪಳಿ ಗರಗಸ ಮಾಡಿದರು. ಮರುವರ್ಷ ಎಮಿಲ್ ಲೆರ್ಪ್ ಎಂಬವರು ಥುರಿಂಜಿಯಾದ ಡೋಲ್ಮಾರ್ ಬೆಟ್ಟದಲ್ಲಿ ಪೆಟ್ರೋಲ್ ಗರಗಸವನ್ನು ಓಡಿಸಿ ತೋರಿಸಿದರು. ಅದರ ತೂಕ 58 ಕಿಲೋ! ಅದನ್ನು ಹೊರುವುದಕ್ಕೇ ಇಬ್ಬರು ಬೇಕಿತ್ತು. ಒಬ್ಬನೇ ಹಿಡಿದು ಕೆಲಸ ಮಾಡಬಲ್ಲ ಗರಗಸಗಳು ಕಾಡಿನಲ್ಲಿ ಸಾಮಾನ್ಯವಾದದ್ದು ಎರಡನೇ ಮಹಾಯುದ್ಧದ ನಂತರ.

ತೂಕ ಇಳಿದಂತೆ ಕೆಲಸ ಹಗುರಾಯಿತು, ಕೆಲಸಗಾರ ಒಂಟಿಯಾದ. ಇಬ್ಬರ ನಡುವೆ ಹಂಚಿಹೋಗುತ್ತಿದ್ದ ಅಪಾಯವೆಲ್ಲ ಒಬ್ಬನ ಮೈಮೇಲೆ ಬಂತು. ಆಮೇಲಿನ ಸುಧಾರಣೆಗಳಲ್ಲಿ ಹಲವು ಈ ಒಂಟಿ ಮನುಷ್ಯನನ್ನು ಉಳಿಸಿಕೊಳ್ಳುವ ಪ್ರಯತ್ನಗಳೇ. ಇಡೀ ದಿನ ನಡುಗುವ ಹಿಡಿಯಿಂದಾಗಿ ರಕ್ತ ಸಂಚಾರ ಕೆಟ್ಟು, ಚಳಿಯಲ್ಲಿ ಬೆರಳು ಬಿಳಿಚಿಕೊಳ್ಳುವ ಕಾಯಿಲೆ ಕಾಡಿನ ಕೆಲಸಗಾರರನ್ನು ಕಾಡಿತು. 1960ರ ದಶಕದಲ್ಲಿ ಹಿಡಿಗೂ ಎಂಜಿನ್‌ಗೂ ನಡುವೆ ರಬ್ಬರ್ ಬಂತು. ಬಾರ್‌ನ ತುದಿಯ ಮೇಲ್ಭಾಗ ಮರಕ್ಕೆ ತಗುಲಿದರೆ ಗರಗಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಖದ ಕಡೆಗೆ ಚಿಮ್ಮುತ್ತದೆ. 1970ರ ದಶಕದ ಆರಂಭದಲ್ಲಿ ಅದಕ್ಕೆಂದೇ ಚೈನ್ ಬ್ರೇಕ್ ಬಂತು. ಎಡಗೈ ಮುಂದಿರುವ ಪ್ಲಾಸ್ಟಿಕ್ ಅಡ್ಡಪಟ್ಟಿ ಮುಂದಕ್ಕೆ ಬಾಗಿದರೆ ಚೈನು ತಕ್ಷಣ ನಿಲ್ಲುತ್ತದೆ.

ಚೈನಿನ ಹಲ್ಲಿಗೂ ಒಂದು ಕತೆಯಿದೆ. ಅಮೆರಿಕದ ಒರೆಗಾನ್‌ನಲ್ಲಿ ಜೋಸೆಫ್ ಕಾಕ್ಸ್ ಎಂಬ ಮರಕಟುಕ ಸೌದೆ ಸೀಳುವಾಗ, ದುಂಬಿಯ ಹುಳುವೊಂದು ಮರವನ್ನು ಎಡಕ್ಕೂ ಬಲಕ್ಕೂ ಕೊರೆದುಕೊಂಡು ಹೋಗುವುದನ್ನು ಗಮನಿಸಿದರು. ಆ ದವಡೆಯನ್ನು ಅನುಸರಿಸಿ ಮಾಡಿದ ಚೈನನ್ನು 1947ರಲ್ಲಿ ಮಾರಾಟಕ್ಕೆ ತಂದರು. ಇಂದಿನ ಚೈನುಗಳ ಹಲ್ಲು ಆ ಜಾತಿಯದ್ದೇ.

ಇಷ್ಟು ತಿಳಿದುಕೊಂಡು, ವೀಡ್ ಕಟರ್ ರಿಪೇರಿ ಮಾಡುವ ಮೆಕ್ಯಾನಿಕ್ ಒಬ್ಬರನ್ನೂ ಜೊತೆಗೆ ಕರೆದುಕೊಂಡು ಹೋದೆವು. ಮಾರುವವರು ಆಗಲೇ ಗರಗಸವನ್ನು ಒಮ್ಮೆ ಚಾಲೂ ಮಾಡಿ ಇಟ್ಟಿದ್ದರು. ಮೆಕ್ಯಾನಿಕ್ ಅದರ ಮೈ ಮುಟ್ಟಿ ನೋಡಿ, "ಮೊದಲು ಪೂರ್ತಿ ತಣ್ಣಗಾಗ್ಲಿ" ಎಂದು ಕೂತುಬಿಟ್ಟರು. ಬಿಸಿ ಎಂಜಿನ್ ಸುಲಭವಾಗಿ ಹೊತ್ತಿಕೊಂಡು ದೋಷ ಮುಚ್ಚಿಡುತ್ತದಂತೆ.

"ವರ್ಷಕ್ಕೆ ನಾಲ್ಕು ದಿನ ಬಳಸಿದ್ರೆ ಹೆಚ್ಚು" ಎಂದರು ಮಾರುವವರು. ಅದು ಬಾಯಿಮಾತಿನ ಸಾಕ್ಷಿ. ವಸ್ತು ಬೇರೆ ಹೇಳುತ್ತಿತ್ತು. ಬಾರ್‌ನ ಅಂಚುಗಳು ಸವೆದು ಒಂದು ಕಡೆಗೆ ವಾಲಿದ್ದವು. ಚೈನನ್ನು ತಿರುಗಿಸುವ ಹಲ್ಲುಚಕ್ರದಲ್ಲಿ ಆಳವಾದ ಗೀರು. ಹಲ್ಲುಗಳನ್ನು ಅರ ಹಾಕಿ ಹಾಕಿ ಗುರುತಿನ ಗೆರೆಯವರೆಗೂ ಮುಗಿಸಿದ್ದರು. ನಾಲ್ಕು ದಿನದ ಕೆಲಸಕ್ಕೆ ಇಷ್ಟು ಸವೆಯುವುದಿಲ್ಲ.

ಸೈಲೆನ್ಸರ್ ಬಿಚ್ಚಿ ಟಾರ್ಚ್ ಬಿಟ್ಟರೆ ಪಿಸ್ಟನ್ ಕಾಣುತ್ತದೆ. ನುಣುಪಾಗಿ ಹೊಳೆಯಬೇಕಾದ ಜಾಗದಲ್ಲಿ ಉದ್ದುದ್ದ ಗೀಚುಗಳಿದ್ದವು. ಇದು ಟು ಸ್ಟ್ರೋಕ್ ಎಂಜಿನ್. ಪೆಟ್ರೋಲಿನಲ್ಲಿ ಬೆರೆಸಿದ ಆಯಿಲ್ ಒಂದೇ ಅದರ ಒಳಗಿನ ಜಿಡ್ಡು. ಆಯಿಲ್ ಕಡಿಮೆಯಾದರೆ, ಇಲ್ಲವೇ ಎಲ್ಲಿಂದಲೋ ಗಾಳಿ ಒಳಗೆ ನುಸುಳಿದರೆ, ಪಿಸ್ಟನ್ ಹೀಗೆ ಉಜ್ಜಿಹೋಗುತ್ತದೆ. ಹಗ್ಗ ಎಳೆದಾಗ ಕೈಗೆ ಸಿಗಬೇಕಾದ ಬಿಗಿಯೂ ಇರಲಿಲ್ಲ.

ಆದರೆ ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಎಡಗೈ ಮುಂದಿನ ಅಡ್ಡಪಟ್ಟಿಯೇ ಇರಲಿಲ್ಲ. "ಅದು ಅಡ್ಡ ಬರ್ತಿತ್ತು, ತೆಗೆಸಿದ್ವಿ" ಎಂದರು ಅವರು, ಸಂಕೋಚವಿಲ್ಲದೆ. ಐವತ್ತು ವರ್ಷಗಳ ಅನುಭವ ಕೊಟ್ಟ ಒಂದು ಬ್ರೇಕನ್ನು ಎರಡು ಸ್ಕ್ರೂ ಬಿಚ್ಚಿ ಅಳಿಸಿಹಾಕಿದ್ದರು. ಕಡತದಿಂದ ಹಾಳೆ ಹರಿದದ್ದನ್ನು ನೋಡಿದ್ದೇನೆ. ಆದರೆ ಇಲ್ಲಿ ಹರಿದ ಹಾಳೆಯ ಜಾಗದಲ್ಲಿ ಇರಬೇಕಾದದ್ದು ಐವತ್ತೆಂಟು ವರ್ಷದ ನನ್ನ ಮಾವನ ಕೈ.

ಹೊರಗೆ ಬಂದು ಲೆಕ್ಕ ಹಾಕಿದೆವು. ಪಿಸ್ಟನ್, ಸಿಲಿಂಡರ್, ಬಾರ್, ಚೈನು, ಬ್ರೇಕ್ ಎಲ್ಲ ಸೇರಿ ಮೆಕ್ಯಾನಿಕ್ ಕೊಟ್ಟ ಅಂದಾಜು 13,000. ಅಲ್ಲಿಗೆ 35,000 ಆಯಿತು. ಹೊಸದು 44,000. ಉಳಿಯುವುದು 9,000 ಮಾತ್ರ, ಅದೂ ಗ್ಯಾರಂಟಿ ಇಲ್ಲದೆ. ಪಿಸ್ಟನ್ ನುಣುಪಾಗಿದ್ದು, ಬ್ರೇಕ್ ಹಿಡಿಯುತ್ತಿದ್ದು, ಎಂಜಿನ್ ಮೆಲ್ಲಗೆ ಓಡುವಾಗ ಚೈನು ಅಲುಗದೆ ನಿಂತಿದ್ದರೆ ನಾನೇ ಕೊಳ್ಳಿ ಎನ್ನುತ್ತಿದ್ದೆ. ಒಳ್ಳೆಯ ಕಂಪನಿಯ ಹಳೆಯ ಗರಗಸಕ್ಕೆ ಬೆಲೆ ಇರುವುದು ಬಿಡಿಭಾಗ ಸಿಗುತ್ತವೆ ಎಂಬ ಕಾರಣಕ್ಕೆ. ಬಾರ್, ಚೈನು ಸವೆದದ್ದು ದೋಷವಲ್ಲ, ಅವು ಸವೆಯಲಿಕ್ಕೇ ಇರುವುದು. ಹೆಸರು ನೋಡಿ ಕೊಡುವ ದುಡ್ಡು ಒಳಗಿನ ಎಂಜಿನ್ನಿಗೆ ಸಲ್ಲಬೇಕು, ಮೇಲಿನ ಬಣ್ಣಕ್ಕಲ್ಲ.

ಇನ್ನೊಂದು ಮಾತನ್ನೂ ಮಾವನಿಗೆ ಹೇಳಿದೆ. ಗರಗಸ ನಮ್ಮದಾದ ಮಾತ್ರಕ್ಕೆ ನಿಂತ ಮರವೆಲ್ಲ ನಮ್ಮದಾಗುವುದಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಿದೆ, ವಿನಾಯಿತಿ ಇರುವ ಜಾತಿಗಳನ್ನು ಬಿಟ್ಟರೆ ಅನುಮತಿ ಬೇಕು. 1983ರಲ್ಲಿ ಶಿರಸಿ ಹತ್ತಿರದ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ನಿಂತದ್ದು ಮಾವನಿಗೆ ನನಗಿಂತ ಚೆನ್ನಾಗಿ ನೆನಪಿದೆ. "ಬಿದ್ದಿದ್ದಕ್ಕೆ ಮಾತ್ರ ಕಣೋ" ಎಂದರು.

ಆ ಗರಗಸವನ್ನು ಕೊಳ್ಳಲಿಲ್ಲ. ತಿಂಗಳ ನಂತರ ಪಕ್ಕದ ಎರಡು ಮನೆಯವರೂ ಸೇರಿ ಹೊಸದನ್ನೇ ತಂದರು. ಒಬ್ಬೊಬ್ಬರಿಗೆ 15,000ಕ್ಕೂ ಕಡಿಮೆ ಬಿತ್ತು. ಒಬ್ಬರೇ ಕೊಯ್ಯುವ ಹಾಗಿಲ್ಲ, ಕೂಗಿದರೆ ಕೇಳುವಷ್ಟು ಹತ್ತಿರ ಇನ್ನೊಬ್ಬರು ಇರಲೇಬೇಕೆಂದು ಮಾವ ಕಟ್ಟುನಿಟ್ಟು ಮಾಡಿದ್ದಾರೆ. ಅಟ್ಟದ ಗರಗಸ ನೆನಪಿಸಿದ ನಿಯಮ ಅದು.

ನಾನು ಕೊಟ್ಟದ್ದು ಒಂದು ನೂರು ಪುಟದ ನೋಟ್‌ಬುಕ್. ತಾರೀಖು, ಯಾರು ಒಯ್ದರು, ಎಷ್ಟು ಹೊತ್ತು ಓಡಿತು, ಎಷ್ಟು ಪೆಟ್ರೋಲಿಗೆ ಎಷ್ಟು ಆಯಿಲ್ ಎಂದು ಬರೆಯಲಿಕ್ಕೆ. ಮೊನ್ನೆ ಹೋದಾಗ ತೆಗೆದು ನೋಡಿದೆ. ಹನ್ನೊಂದು ಸಾಲು ತುಂಬಿತ್ತು. ಒಂದು ಸಾಲಿನಲ್ಲಿ ಆಯಿಲ್ ಲೆಕ್ಕ ಖಾಲಿ ಬಿಟ್ಟಿದ್ದರು. ಪಕ್ಕದಲ್ಲಿ ಮಾವನ ಕೈಬರಹ: "ಯಾರು? ಕೇಳಬೇಕು."