ಪೊಗ್ರೊಮ್

ರಷ್ಯನ್ ಭಾಷೆಯಲ್ಲಿ ‘ಗ್ರೊಮ್’ ಅಂದರೆ ಗುಡುಗು; ಅದರ ನಂಟಿನ ‘ಗ್ರೊಮಿತ್’ ಅಂದರೆ ಬಡಿದು ಪುಡಿಗಟ್ಟುವುದು. ‘ಪೊಗ್ರೊಮ್’ ಹುಟ್ಟಿದ್ದು ಇದರಿಂದ. ಮೊದಲು ಯಾವುದೇ ಧ್ವಂಸಕ್ಕೂ ಸಲ್ಲುತ್ತಿದ್ದ ಈ ಮಾತು ಯೆಹೂದಿಗಳ ಮೇಲಿನ ಗುಂಪುದಾಳಿಗೆ ಗಟ್ಟಿಯಾಗಿ ಅಂಟಿಕೊಂಡದ್ದು 1881ರ ನಂತರ. ಆ ವರ್ಷ ರಷ್ಯಾದ ಚಕ್ರವರ್ತಿ ಎರಡನೇ ಅಲೆಕ್ಸಾಂಡರನ ಕೊಲೆಯಾಯಿತು. ಹೊಣೆ ಯೆಹೂದಿಗಳದೆಂದು ಪುಕಾರು ಹಬ್ಬಿತು. ಯೆಲಿಸಾವೆತ್‌ಗ್ರಾದ್‌ನಲ್ಲಿ ಶುರುವಾದ ದಾಳಿ ಕೀವ್, ಒಡೆಸ್ಸಾಗಳಿಗೂ ಮುಟ್ಟಿತು. ಸರ್ಕಾರ ಮಾಡಿದ್ದೇನು? 1882ರ ‘ಮೇ ಕಾನೂನು’ಗಳನ್ನು ತಂದು, ಯೆಹೂದಿಗಳು ಹಳ್ಳಿಗಳಲ್ಲಿ ಹೊಸದಾಗಿ ನೆಲೆಸುವುದನ್ನೇ ತಡೆಯಿತು. ಪೆಟ್ಟು ತಿಂದವರಿಗೇ ದಂಡ! ಅವರಲ್ಲಿ ಬಹುಪಾಲು ಜನ ಮೊದಲಿನಿಂದಲೂ ಸಾಮ್ರಾಜ್ಯದ ಪಶ್ಚಿಮದಲ್ಲಿ ಗೊತ್ತುಪಡಿಸಿದ ಸೀಮೆಯೊಳಗೇ ಬದುಕಬೇಕಿತ್ತು.

1903ರ ಈಸ್ಟರ್ ಹೊತ್ತಿಗೆ ಅದೇ ಸಾಮ್ರಾಜ್ಯದ ಕಿಶಿನೇವ್‌ನಲ್ಲಿ 49 ಯೆಹೂದಿಗಳನ್ನು ಕೊಂದರು. ಆ ಸುದ್ದಿಯೊಂದಿಗೆ ಪದವೂ ದೇಶಾಂತರ ಹೋಯಿತು.

ಕನ್ನಡದಲ್ಲಿ ಇದನ್ನು ‘ಗಲಭೆ’ ಎಂದುಬಿಡುವುದು ಸುಲಭ. ನನಗೆ ಒಪ್ಪಿಗೆಯಿಲ್ಲ: ಹಾಗೆಂದರೆ ಎರಡೂ ಕಡೆಯವರು ಬಡಿದಾಡಿಕೊಂಡಂತೆ ಕೇಳಿಸುತ್ತದೆ. ‘ನರಮೇಧ’ ಎಂದರೆ ಒಡೆದ ಬಾಗಿಲು, ದೋಚಿದ ಅಂಗಡಿ ಮರೆಯಾಗುತ್ತವೆ. ‘ಪೊಗ್ರೊಮ್’ ಅಂತಲೇ ಬರೆದು, ಮೊದಲ ಸಲ ಬಂದಲ್ಲಿ ‘ಒಂದು ಸಮುದಾಯವನ್ನೇ ಗುರಿಮಾಡಿದ ಗುಂಪುದಾಳಿ’ ಎಂದು ಬಿಡಿಸಿ ಹೇಳಿದರೆ ಸಾಕು.