ಕಾಕುವಿನಿಂದ ಕೈಮುಗಿದ ಚಿತ್ರದವರೆಗೆ

ಶತಮಾನೋತ್ಸವದ ಈ ಸ್ಮರಣ ಸಂಚಿಕೆಗಾಗಿ ಹಳೆಯ ವಿದ್ಯಾರ್ಥಿಗಳ ನೆನಪುಗಳನ್ನು ಕೋರಿದಾಗ ಎರಡು ಬಗೆಯ ಉತ್ತರಗಳು ನನ್ನ ಮೇಜಿಗೆ ಬಂದವು. ಹಿರಿಯರು ಕಾಗದದ ಮೇಲೆ ಮಸಿಯಲ್ಲಿ ಬರೆದು, ತಲೆಯಲ್ಲಿ ಶ್ರೀಕಾರವಿಟ್ಟು, ಕೊನೆಯಲ್ಲಿ ‘ಸಾಷ್ಟಾಂಗ ನಮಸ್ಕಾರಗಳು’ ಎಂದು ಮುಗಿಸಿದ್ದರು. ಕಿರಿಯರು ಮೊಬೈಲಿನಲ್ಲಿ ನಾಲ್ಕು ಸಾಲು ಬರೆದು, ಕೈಮುಗಿದ ಚಿತ್ರವೊಂದನ್ನೂ ನಗುಮುಖವೊಂದನ್ನೂ ಸೇರಿಸಿ ಕಳುಹಿಸಿದ್ದರು. ‘ಈ ಗೊಂಬೆಗಳನ್ನು ತೆಗೆದುಬಿಡಿ, ಇವುಗಳಿಂದಲೇ ಭಾಷೆ ಕೆಡುತ್ತಿದೆ’ ಎಂದು ಹಿರಿಯರೊಬ್ಬರು ಸಲಹೆಯಿತ್ತರು. ತೆಗೆದೆವು. ಆದರೆ ತೆಗೆದ ಮೇಲೆ ಓದಿದಾಗ, ತುಂಟತನದಿಂದ ಬರೆದ ಸಾಲು ದೂರಿನಂತೆಯೂ, ಸಂಕೋಚದಿಂದ ಬರೆದ ಸಾಲು ಒರಟುಮಾತಿನಂತೆಯೂ ಕಂಡವು. ಹಾಗಾದರೆ ಆ ಚಿಕ್ಕ ಚಿತ್ರಗಳು ಮಾಡುತ್ತಿದ್ದ ಕೆಲಸವೇನು? ಈ ಪ್ರಶ್ನೆಯೇ ಪ್ರಸ್ತುತ ಲೇಖನಕ್ಕೆ ಪ್ರೇರಣೆ.

ಪ್ರಶ್ನೆ ಹಳೆಯದು. ಒಂದೇ ವಾಕ್ಯವು ದನಿಯ ಏರಿಳಿತದಿಂದ ಬೇರೆ ಬೇರೆ ಅರ್ಥ ಕೊಡುವುದನ್ನು ನಮ್ಮ ಪ್ರಾಚೀನರು ‘ಕಾಕು’ ಎಂದು ಕರೆದರು. ಭರತನ ನಾಟ್ಯಶಾಸ್ತ್ರವು ಇದನ್ನು ವಿಸ್ತಾರವಾಗಿ ವಿವೇಚಿಸಿದೆ. ‘ನೀನು ಬಹಳ ಜಾಣ’ ಎಂಬ ಮಾತು ಹೊಗಳಿಕೆಯೂ ಆಗಬಹುದು, ಚುಚ್ಚುಮಾತೂ ಆಗಬಹುದು, ನಿರ್ಣಯಿಸುವುದು ಕಾಕು. ಬರವಣಿಗೆಗೆ ಇಳಿದೊಡನೆ ಮಾತು ಕಳೆದುಕೊಳ್ಳುವುದು ಇದನ್ನೇ. ದೂರದಲ್ಲಿರುವವರನ್ನು ಕರೆಯುವಾಗ ಸ್ವರವನ್ನು ಮೂರು ಮಾತ್ರೆಗಳ ಕಾಲ ಎಳೆಯುವುದಕ್ಕೆ ವ್ಯಾಕರಣದಲ್ಲಿ ‘ಪ್ಲುತ’ವೆಂದು ಹೆಸರು. ಸಂಸ್ಕೃತ ಬರವಣಿಗೆಯಲ್ಲಿ ಆ ಎಳೆತವನ್ನು ತೋರಿಸಲು ಸ್ವರದ ಮುಂದೆ ಮೂರು ಎಂಬ ಅಂಕೆಯನ್ನೇ ಇಡುತ್ತಿದ್ದರು. ದನಿಯನ್ನು ಚಿಹ್ನೆಯಾಗಿಸುವ ಪ್ರಯತ್ನ ಅಷ್ಟು ಪುರಾತನವಾದುದು.

ಈ ವಿಷಯದಲ್ಲಿ ನಮ್ಮ ಸೀಮೆಗೆ ವಿಶೇಷ ಹಕ್ಕೊಂದಿದೆ. ತಾಂಡೂರಿನ ಬಳಿ ಹರಿಯುವ ಕಾಗಿಣಾ ನದಿಯೇ ಮುಂದೆ ಮಳಖೇಡವನ್ನು ಮುಟ್ಟುತ್ತದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವೇ ಇಂದಿನ ಮಳಖೇಡ. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಮೂಡಿದ ‘ಕವಿರಾಜಮಾರ್ಗ’ವು ಕನ್ನಡಿಗರನ್ನು ಮೆಚ್ಚುವುದು ಎರಡು ಗುಣಗಳಿಗಾಗಿ: ಹದವರಿತು ಮಾತನಾಡುವುದು ಮತ್ತು ಇತರರು ಆಡಿದ್ದನ್ನು ಅರಿತು ವಿಚಾರ ಮಾಡುವುದು. ಎರಡನೆಯ ಗುಣವನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ.

ತಾಳೆಗರಿಯ ಕಾಲದಲ್ಲಿ ಓದುವುದೆಂದರೆ ಗಟ್ಟಿಯಾಗಿ ವಾಚಿಸುವುದು. ಪದಗಳ ನಡುವೆ ತೆರವೂ ಇಲ್ಲದ ಆ ಬರಹಕ್ಕೆ ವಾಚಕನ ಕಂಠವೇ ಕಾಕುವನ್ನು ಒದಗಿಸುತ್ತಿತ್ತು. 19ನೆಯ ಶತಮಾನದಲ್ಲಿ ಮುದ್ರಣ ಬಂದಿತು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದನು. ಮೌನವಾಗಿ, ಒಂಟಿಯಾಗಿ ಓದುವ ಅಭ್ಯಾಸ ಬೆಳೆದಂತೆ ಪ್ರಶ್ನಾರ್ಥಕ ಹಾಗೂ ಆಶ್ಚರ್ಯಸೂಚಕ ಚಿಹ್ನೆಗಳೂ ಕನ್ನಡದಲ್ಲಿ ನೆಲೆಯೂರಿದವು. ಇಂದು ನಾವು ಶುದ್ಧ ಬರಹದ ಲಕ್ಷಣವೆಂದು ಮಕ್ಕಳಿಗೆ ಕಲಿಸುವ ಈ ಚಿಹ್ನೆಗಳೂ ಒಂದು ಕಾಲಕ್ಕೆ ಹೊರಗಿನಿಂದ ಬಂದ ಅತಿಥಿಗಳೇ.

ಮನೆಯ ಕಾಗದಗಳಲ್ಲಿಯೂ ಭಾವಕ್ಕೆ ಸಂಕೇತಗಳಿದ್ದವು. ಮದುವೆಯ ಓಲೆಯ ಅಂಚಿಗೆ ಅರಿಶಿನ ಕುಂಕುಮ ಹಚ್ಚಿದ್ದರೆ, ಅಕ್ಷರ ಬಾರದ ಅಜ್ಜಿಗೂ ಅದು ಶುಭವಾರ್ತೆಯೆಂದು ತಿಳಿಯುತ್ತಿತ್ತು. ‘ತೀರ್ಥರೂಪ’, ‘ಚಿ.’, ‘ಉಭಯ ಕುಶಲೋಪರಿ’ ಎಂಬವು ಸುದ್ದಿಯನ್ನು ಹೇಳುತ್ತಿರಲಿಲ್ಲ. ಬರೆದವರಿಗೂ ಓದುವವರಿಗೂ ಇರುವ ಸಂಬಂಧವನ್ನು ಹೇಳುತ್ತಿದ್ದವು. ಪದಕ್ಕಿಷ್ಟೆಂದು ಹಣ ತೆರಬೇಕಾದ ತಂತಿಯಲ್ಲಿ ಶುಭಾಶಯಗಳಿಗೆ ಸಂಖ್ಯೆಗಳನ್ನೇ ಗೊತ್ತುಮಾಡಿದ್ದರು. ಸಂಖ್ಯೆ ಕಳುಹಿಸಿದರೆ ಆ ಕಡೆಯ ಕಚೇರಿಯಲ್ಲಿ ಅದು ಪೂರ್ಣ ವಾಕ್ಯವಾಗುತ್ತಿತ್ತು. ಭಾರತದಲ್ಲಿ ತಂತಿ ಸೇವೆ ನಿಂತದ್ದು 2013ರ ಜುಲೈ ತಿಂಗಳಿನಲ್ಲಿ.

ಅಷ್ಟರಲ್ಲಿ ಗಣಕಯಂತ್ರದ ಸಂಕೇತಗಳು ಪ್ರಬುದ್ಧವಾಗಿದ್ದವು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಅಧ್ಯಾಪಕರು ಗಣಕದ ಸೂಚನಾ ಫಲಕದಲ್ಲಿ ಹರಟುತ್ತಿದ್ದಾಗ, ಲಿಫ್ಟಿನಲ್ಲಿ ಪಾದರಸ ಚೆಲ್ಲಿದೆಯೆಂಬ ತಮಾಷೆಯನ್ನು ಕೆಲವರು ನಿಜವೆಂದು ಭಾವಿಸುವಂತಾಯಿತು. 1982ರ ಸೆಪ್ಟೆಂಬರ್ 19ರಂದು ಸ್ಕಾಟ್ ಫಾಲ್‌ಮನ್ ಒಂದು ಪರಿಹಾರ ಸೂಚಿಸಿದರು: ತಮಾಷೆಯ ಮಾತಿನ ಮುಂದೆ ವಿವರಣ ಚಿಹ್ನೆ, ಅಡ್ಡಗೆರೆ, ಆವರಣ ಚಿಹ್ನೆಗಳನ್ನು ಸಾಲಾಗಿ ಇಡುವುದು. ತಲೆಯನ್ನು ಎಡಕ್ಕೆ ವಾಲಿಸಿ ನೋಡಿದರೆ ಅದು ನಗುಮುಖ. 1999ರಲ್ಲಿ ಜಪಾನಿನ ಡೊಕೊಮೊ ಸಂಸ್ಥೆಗಾಗಿ ಶಿಗೆತಾಕಾ ಕುರಿತಾ 176 ಪುಟ್ಟ ಚಿತ್ರಗಳನ್ನು ರೂಪಿಸಿದರು. ‘ಎಮೋಜಿ’ ಎಂಬುದು ಜಪಾನೀ ಪದ. ‘ಎ’ ಎಂದರೆ ಚಿತ್ರ, ‘ಮೋಜಿ’ ಎಂದರೆ ಅಕ್ಷರ. ಚಿತ್ರಾಕ್ಷರವೆಂದೇ ಅದರ ಅರ್ಥ. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಅಕ್ಷರಗಳಿಗೆ ಸ್ಥಾನ ಕೊಟ್ಟಿದ್ದ ಯೂನಿಕೋಡ್ ಎಂಬ ಜಾಗತಿಕ ಅಕ್ಷರಪಟ್ಟಿಯು 2010ರಲ್ಲಿ ಈ ಚಿತ್ರಗಳನ್ನೂ ಒಳಗೊಂಡಿತು. ನಮ್ಮ ‘ಅ’ಕಾರವೂ ನಗುಮುಖವೂ ಈಗ ಒಂದೇ ಪಟ್ಟಿಯ ಸದಸ್ಯರು.

ಗಡಿನಾಡಿನ ನಮಗೆ ಇವುಗಳಿಂದ ಇನ್ನೊಂದು ಉಪಕಾರವಾಗಿದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗುಲಬರ್ಗಾ ಜಿಲ್ಲೆಯ ತಾಂಡೂರು, ಬೀದರ ಜಿಲ್ಲೆಯ ಜಹೀರಾಬಾದ್ ಮತ್ತು ನಾರಾಯಣಖೇಡ ಆಂಧ್ರಪ್ರದೇಶಕ್ಕೆ ಸೇರಿದವು, 2014ರಿಂದ ತೆಲಂಗಾಣದಲ್ಲಿವೆ. ನಮ್ಮ ಮಕ್ಕಳದು ಮನೆಯಲ್ಲಿ ಒಂದು ನುಡಿ, ಬೀದಿಯಲ್ಲಿ ತೆಲುಗು ಉರ್ದು, ಕಚೇರಿಯ ಕಾಗದದಲ್ಲಿ ಇಂಗ್ಲಿಷ್. ‘ತಪ್ಪಾದರೆ ನಗುವರೋ’ ಎಂಬ ಅಳುಕು ಇಂಥ ಮಕ್ಕಳಲ್ಲಿ ಸಹಜ. 2020ರಲ್ಲಿ ಪಾಠಗಳು ಮೊಬೈಲಿಗೆ ಬಂದಾಗ, ತರಗತಿಯಲ್ಲಿ ಒಮ್ಮೆಯೂ ಕೈಯೆತ್ತದ ಬಾಲಕಿಯೊಬ್ಬಳು ಉತ್ತರ ಬರೆದು, ಪಕ್ಕದಲ್ಲಿ ಗಲ್ಲಕ್ಕೆ ಕೈಯಿಟ್ಟು ಯೋಚಿಸುವ ಮುಖವನ್ನು ಇಟ್ಟಿದ್ದಳು. ‘ಇದು ಸರಿಯೋ ಏನೋ’ ಎಂಬುದು ಅದರ ಅರ್ಥ. ಮೂರು ದಶಕಗಳ ಕಾಲ ನೋಟ್‌ಪುಸ್ತಕ ತಿದ್ದಿದ ನನಗೆ, ಮಗುವಿನ ಉತ್ತರವಷ್ಟೇ ಕಂಡಿತ್ತು. ಆ ಉತ್ತರದ ಮೇಲೆ ಅದಕ್ಕಿರುವ ಭರವಸೆ ಎಷ್ಟೆಂಬುದು ಕಂಡಿರಲಿಲ್ಲ. ಕೆಲವು ತಿಂಗಳುಗಳಲ್ಲಿ ಆ ಯೋಚಿಸುವ ಮುಖ ತಾನಾಗಿಯೇ ಮಾಯವಾಯಿತು. ಬರಿಯ ಉತ್ತರ ಉಳಿಯಿತು.

ಆದರೆ ನನ್ನ ತಪ್ಪೊಂದನ್ನೂ ಇಲ್ಲಿ ದಾಖಲಿಸಬೇಕು. ಪೋಷಕರೊಬ್ಬರು, ‘ಬರುವ ವರ್ಷ ಮಗಳನ್ನು ಕಳುಹಿಸಲಾಗುವುದಿಲ್ಲ ಮೇಡಂ’ ಎಂದು ಬರೆದು ಕೈಮುಗಿದ ಚಿತ್ರವನ್ನಿಟ್ಟಿದ್ದರು. ಅದನ್ನು ನಾನು ವಿದಾಯವೆಂದು ಓದಿ, ನಾನೂ ಒಂದು ಕೈಮುಗಿದ ಚಿತ್ರ ಕಳುಹಿಸಿ ಸುಮ್ಮನಾದೆ. ಬಹಳ ತಿಂಗಳುಗಳ ಬಳಿಕ ಸಂತೆಯಲ್ಲಿ ಭೇಟಿಯಾದಾಗ ಅವರು ಹೇಳಿದರು: ‘ಓಡಾಟದ ಖರ್ಚಿಗೆ ಏನಾದರೂ ದಾರಿ ತೋರಿಸುತ್ತೀರೇನೋ ಎಂದು ಕೈಮುಗಿದಿದ್ದೆ. ನೀವೂ ಕೈಮುಗಿದಿರಿ.’ ಆ ವೇಳೆಗೆ ಬಾಲಕಿ ಬೇರೆ ಮಾಧ್ಯಮದ ಶಾಲೆಗೆ ಸೇರಿಯಾಗಿತ್ತು. ನಮಸ್ಕಾರ, ಕೃತಜ್ಞತೆ, ಕ್ಷಮಾಯಾಚನೆ, ವಿದಾಯ, ಮೊರೆ ಎಲ್ಲಕ್ಕೂ ನಮ್ಮ ನಾಡಿನಲ್ಲಿ ಮುಗಿಯುವುದು ಅವೇ ಎರಡು ಕೈಗಳನ್ನು. ಎದುರಿಗಿದ್ದಿದ್ದರೆ ಅವರ ಕಣ್ಣು ಹೇಳುತ್ತಿತ್ತು. ಒಂದೊಂದು ಮಗುವೂ ಅಮೂಲ್ಯವಾಗಿರುವ ಗಡಿನಾಡಿನ ಕನ್ನಡ ಶಾಲೆಗೆ ಅದು ಸಣ್ಣ ನಷ್ಟವಲ್ಲ.

ಆದುದರಿಂದ ಈ ಚಿಹ್ನೆಗಳು ಭಾಷೆಯನ್ನು ಕೆಡಿಸುತ್ತವೆಯೆಂದು ನಾನು ಹೇಳಲಾರೆ. ಅವು ಬರಹಕ್ಕೆ ಕಾಕುವನ್ನು ಮರಳಿ ಕೊಡಲು ಮನುಷ್ಯ ನಡೆಸಿಕೊಂಡು ಬಂದ ಪ್ರಯತ್ನದ ಇತ್ತೀಚಿನ ಘಟ್ಟ. ಭಾವವಿದೆ ಎಂಬುದನ್ನು ಅವು ಸೂಚಿಸುತ್ತವೆ. ಅದು ಯಾವ ಭಾವವೆಂದು ವಿಚಾರಿಸುವ ಹೊಣೆ ಓದುವವರದು. ಈಗ ಕೈಮುಗಿದ ಚಿತ್ರ ಬಂದಾಗಲೆಲ್ಲ ನಾನು ಪೋಷಕರಿಗೆ ಫೋನು ಮಾಡುತ್ತೇನೆ. ಎಂಟನೆಯ ತರಗತಿಯ ಮಕ್ಕಳಿಗೆ, ತಾವು ಕಳುಹಿಸಿದ ಒಂದು ಚಿತ್ರದ ಭಾವವನ್ನು ಮೂರು ಕನ್ನಡ ವಾಕ್ಯಗಳಲ್ಲಿ ಬರೆಯುವ ಅಭ್ಯಾಸವನ್ನು ಕೊಡುತ್ತೇವೆ.

ಕಿರಿಯರ ನೆನಪುಗಳಿಂದ ತೆಗೆದಿದ್ದ ಚಿತ್ರಗಳ ವಿಷಯವನ್ನು ಸಮಿತಿಯ ಮುಂದೆ ಮತ್ತೊಮ್ಮೆ ಇಟ್ಟೆ. ಪ್ರತಿಯೊಬ್ಬರಿಗೂ ಫೋನು ಮಾಡಿ, ‘ಇಲ್ಲಿ ನೀವು ಹೇಳಬಯಸಿದ್ದೇನು?’ ಎಂದು ಕೇಳಿ, ಅವರ ಮಾತಿನಲ್ಲಿಯೇ ಬರೆದುಕೊಳ್ಳುವುದೆಂದು ತೀರ್ಮಾನವಾಯಿತು. ಈ ಸಂಚಿಕೆಯ ಮುಂದಿನ ಪುಟಗಳಲ್ಲಿ ಆ ಮಾತುಗಳಿವೆ. ಓದುಗರು ಅವುಗಳನ್ನು ಗಟ್ಟಿಯಾಗಿ ಓದಬೇಕೆಂದು ನನ್ನ ವಿನಂತಿ.